ಎಪ್ಪತ್ತೆರಡರಲ್ಲೇ ನಿಂತ ಪರದೆ

2009ರ ಫೆಬ್ರವರಿ 9, ಸೋಮವಾರ ಮಧ್ಯಾಹ್ನ ನಾಗರಬಾವಿಯ ಕೀರ್ತನಾ ಎಂಬಾಕೆ ಚಂದ್ರಾ ಲೇಔಟ್ ಠಾಣೆಗೆ ಬಂದು ದೂರು ಕೊಟ್ಟಳು. ಅವಳ ತಂದೆ ರಾಮಯ್ಯ ಅಂದು ಬೆಳಿಗ್ಗೆ ನರ್ಸಿಂಗ್ ಹೋಮೊಂದರ ಐಸಿಯುನಲ್ಲಿ ತೀರಿಕೊಂಡಿದ್ದರು. ನರ್ಸ್ ದಾನಮ್ಮ ಹತ್ತಿರ ಸುಳಿಯಲೇ ಇಲ್ಲವೆಂಬುದು ಆರೋಪ. ಎಫ್ಐಆರ್ ದಾಖಲಿಸಿಕೊಂಡು ಇನ್ಸ್‌ಪೆಕ್ಟರ್ ವೆಂಕಟಸ್ವಾಮಿ ಅಲ್ಲಿಗೆ ಹೋದರು.

"ಎಲ್ಲಿದ್ರಿ?" ಎಂದು ದಾನಮ್ಮನನ್ನು ಕೇಳಿದರು.

"ಸ್ಕ್ರೀನ್ ಮುಂದನ ಕುಂತಿದ್ದೆ ರೀ ಸಾಹೇಬ್ರ. ಪಲ್ಸ್ ಎಪ್ಪತ್ತೆರಡು ಅಂತನ ತೋರಸ್ತಿತ್ತು. ಅಲಾರಂ ಹೊಡೀಲೇ ಇಲ್ರಿ."

ಇಂಥ ಮಾತುಗಳನ್ನು ವೆಂಕಟಸ್ವಾಮಿ ಬಹಳ ಕೇಳಿದ್ದರು. ಆದರೆ ಪಂಚನಾಮೆಗೆಂದು ಒಳಗೆ ಹೋದಾಗ ರಾಮಯ್ಯನವರ ಹಾಸಿಗೆ ಖಾಲಿಯಿತ್ತು. ನರ್ಸ್ ಮೇಜಿನ ಪರದೆ ಇನ್ನೂ ಎಪ್ಪತ್ತೆರಡು ಎನ್ನುತ್ತಿತ್ತು. ಉಳಿದ ರೋಗಿಗಳ ಪಕ್ಕದಲ್ಲಿ ಒಬ್ಬೊಬ್ಬ ನರ್ಸನ್ನು ಕೂರಿಸಿ, ರಾಜಾಜಿನಗರದಿಂದ ನೆಟ್‌ವರ್ಕ್ ಎಂಜಿನಿಯರ್ ಹನುಮೇಶನನ್ನು ಕರೆಸಿದರು.

ಕೇಬಲ್ ಸರಿಯಿತ್ತು. ಸರ್ವರ್ ಓಡುತ್ತಿತ್ತು. ಕೊನೆಗೆ ಹನುಮೇಶ ಸರ್ವರಿನೊಳಗೆ ಮಾಹಿತಿಯ ದಾರಿ ಹಂಚುವ ವರ್ಚುವಲ್ ಸ್ವಿಚ್ ತೆರೆದು ನೋಡಿದ.

"ಬಿಲ್ಲಿಂಗು, ಲ್ಯಾಬು, ಐಸಿಯು ಎಲ್ಲಾ ಒಂದೇ ಕೇಬಲ್‌ನಲ್ಲಿ ಹೋಗ್ತವೆ ಸಾರ್. ಬೆರೀಬಾರ್ದು ಅಂತ ಒಂದೊಂದಕ್ಕೂ ಒಂದು ವಿಎಲ್ಯಾನ್ ನಂಬರ್. ಐಸಿಯುದು ಮೂವತ್ತು. ಇಲ್ಲಿ ಮೂವತ್ತೊಂದು ಮಾಡಿದಾರೆ. ಹಾಸಿಗೆ ಪಕ್ಕದ ಮಾನಿಟರ್ ಕಳ್ಸಿದ್ದು ಅಲಾರಂ ಸಾಫ್ಟ್‌ವೇರ್‌ಗೆ ಮುಟ್ತಾನೇ ಇಲ್ಲ, ಸ್ಕ್ರೀನ್ ಕೊನೇ ಸಲ ಬಂದಿದ್ದನ್ನೇ ತೋರಿಸ್ತಿದೆ."

"ಕೈತಪ್ಪಾ?"

"ಇಲ್ಲ. ಬೆಳಿಗ್ಗೆ ಹೊರಗಿಂದ ಲಾಗಿನ್ ಆಗಿ ಬದಲಾಯಿಸಿದಾರೆ."

ವೆಂಕಟಸ್ವಾಮಿ ದಾನಮ್ಮನ ಬಳಿ ತಾವೇ ಹೋದರು. "ನಿಮ್ಮ ತಪ್ಪಿಲ್ಲ ಕಣಮ್ಮ."

"ಒಮ್ಮೆ ಎದ್ದು ನೋಡಬೇಕಿತ್ತು ರೀ," ಎಂದಳು ಆಕೆ.

ಹಾಗೆ ಲಾಗಿನ್ ಆಗುವ ಪಾಸ್‌ವರ್ಡ್ ತಿಳಿದಿದ್ದವನು ನರ್ಸಿಂಗ್ ಹೋಮಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ, ಹಿಂದಿನ ವಾರ ಕೆಲಸದಿಂದ ತೆಗೆದುಹಾಕಿದ್ದ ಜೀವನ್ ಒಬ್ಬನೇ. ಲಾಗಿನ್ ಆದದ್ದು ಹೆಗ್ಗನಹಳ್ಳಿಯ ಅವನ ಮನೆಯಿಂದಲೇ ಎಂದು ಇಂಟರ್ನೆಟ್ ಕಂಪನಿ ಖಚಿತಪಡಿಸಿತು. ಮರುದಿನ ಬೆಳಿಗ್ಗೆ ಜೀಪು ಅವನ ಬಾಗಿಲಲ್ಲಿ ನಿಂತಿತು.

"ನಂಬರ್ ಬದಲಾಯಿಸಿದ್ದು ನೀನೇನಾ?"

"ಹೌದು ಸಾರ್. ಸ್ಕ್ರೀನ್ ಖಾಲಿ ಆಗುತ್ತೆ, ಗಾಬರಿ ಬಿದ್ದು ನನ್ನನ್ನ ಕರೀತಾರೆ ಅನ್ಕೊಂಡಿದ್ದೆ. ಹಳೇ ಪಲ್ಸ್ ಸ್ಕ್ರೀನ್ ಮೇಲೆ ಹಂಗೇ ನಿಂತ್ಬಿಡುತ್ತೆ ಅಂತ ಗೊತ್ತಿರ್ಲಿಲ್ಲ."

"ಒಬ್ಬರು ಸತ್ತಿದಾರಪ್ಪ."

ಜೀವನ್ ಹೊಸ್ತಿಲ ಮೇಲೆ ಕುಳಿತ. ಆ ಕಟ್ಟಡದ ಒಂದೊಂದು ಕೇಬಲನ್ನೂ ಎಳೆದವನು ಅವನೇ. ಕೆಲಸದಿಂದ ತೆಗೆದ ದಿನ ಆಡಳಿತದವರು ಅವನನ್ನು ಕಾವಲುಗಾರನ ಜೊತೆ ಗೇಟಿನಾಚೆ ಕಳಿಸಿದ್ದರು. ನೀನಿಲ್ಲದೆ ಆಗುವುದಿಲ್ಲ ಎಂದು ಅವರ ಬಾಯಿಂದ ಒಮ್ಮೆ ಕೇಳಬೇಕಿತ್ತು, ಅಷ್ಟೇ.

ಅವನು ಕೇಳಿದ: "ಈಗ ಸರಿ ಹೋಗಿದ್ಯಾ ಸಾರ್?"

"ಹೋಗಿದೆ. ಬೇರೆಯವರು ಬಂದು ಸರಿ ಮಾಡಿದ್ರು."

ಜೀವನ್ ಚಪ್ಪಲಿ ಮೆಟ್ಟಿಕೊಂಡು ಜೀಪು ಹತ್ತಿದ.