ಇಂಟು ಹಾಕಿದ ಸಾಮಾನು

ಅತ್ತೆ ಎಸೆದ ಸೀಮೆಸುಣ್ಣದ ತುಂಡು ಗಾಳಿಯಲ್ಲಿ ಮೂರು ಪಲ್ಟಿ ಹೊಡೆದು, ಹೊಲಿಗೆ ಮಿಷಿನ್ನಿನ ಚಕ್ರಕ್ಕೆ ತಾಗಿ, ಅಲ್ಲಿಂದ ಚಿಮ್ಮಿ ಸೊಸೆಯ ಹಣೆಗೆ ಬಡಿಯಿತು. ಎಪ್ಪತ್ತೆರಡು ವರ್ಷದ ಹೆಂಗಸು, ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳೂ ಆಗಿಲ್ಲ. ಆದರೂ ಗುರಿ ನೋಡಿ! ಆ ಬೀದಿಯಲ್ಲಿ, ಒಂದು ಬೀದಿಯೇನು, ಸುತ್ತಲಿನ ಏಳು ಬೀದಿಗಳಲ್ಲಿ ಆಕೆಯಷ್ಟು ಗುರಿಯಿಟ್ಟು ಎಸೆಯುವವರು ಹುಟ್ಟಿರಲಿಲ್ಲ. ಮಾತನ್ನೂ ಹಾಗೆಯೇ ಎಸೆಯುತ್ತಿದ್ದಳು. ಆಕೆಯ ಒಂದು ಮಾತು ಬಿದ್ದರೆ ಗೋಡೆಯ ಗಾರೆ ಉದುರುತ್ತಿತ್ತು. ನಂಬದವರು ಆ ಮನೆಯ ನಡುಮನೆಗೆ ಹೋಗಿ ನೋಡಲಿ, ಉದುರಿದ ಜಾಗ ಇವತ್ತಿಗೂ ಹಾಗೆಯೇ ಇದೆ.

"ಭಾನುವಾರ ಮನೆ ಕೊಳ್ಳೋರು ನೋಡೋಕೆ ಬರ್ತಾರೆ," ಎಂದಳು ಅತ್ತೆ, ಗ್ಯಾರೇಜಿನ ಶಟರಿನ ಕೆಳಗೆ ನಿಂತು. "ಅಷ್ಟರಲ್ಲಿ ಈ ಕೊಚ್ಚೆ ಕನ್ನಡಿ ಆಗ್ಬೇಕು. ನಾಳೆ ಗುಜರಿಯವನು ಬರ್ತಾನೆ. ಯಾವುದು ಹೋಗ್ಬೇಕು, ಯಾವುದು ಇರ್ಬೇಕು, ಗುರುತು ಹಾಕಿಡು."

"ಮತ್ತೆ... ನಾನು, ಅತ್ತೆ?"

"ಯಾಕೆ, ನಿನಗೂ ಗುರುತು ಹಾಕ್ಬೇಕಾ?"

"ಹಾಗಲ್ಲ... ಮಗಳ ಮನೆಗೆ ನೀವು ಹೋದ್ಮೇಲೆ..."

"ಅಲ್ಲೊಂದು ಬಾಲ್ಕನಿ ಇದೆ. ನೋಡೋಕೆ ಬಂದವರು ಮೂಗು ಮುಚ್ಚಿಕೊಳ್ಳದೆ ಹೋದ್ರೆ, ಆ ಬಾಲ್ಕನೀಲಿ ನಿನ್ನ ಮಿಷಿನ್ನಿಗೂ ಜಾಗ, ನಿನಗೂ ಜಾಗ. ನನ್ನ ಮಾತು ಅಂದ್ರೆ ಮಾತು."

ಆ ಮಾತು ಕೇಳಿ ಸೊಸೆಯ ಮುಖ ಅರಳಿದ ಪರಿಗೆ, ಕತ್ತಲೆ ಗ್ಯಾರೇಜಿನಲ್ಲಿ ಇನ್ನೊಂದು ಬಲ್ಬು ಹಾಕಿದಂತಾಯಿತು. ಪಾಪ! ಆಕೆಗೆ ಇದ್ದದ್ದಾದರೂ ಏನು? ತವರು ಎಂಬುದು ಹೆಸರಿಗೂ ಉಳಿದಿರಲಿಲ್ಲ. ಮಕ್ಕಳಿರಲಿಲ್ಲ. ಗಂಡ ಮೆಕ್ಯಾನಿಕ್. ಎಂಥ ಮೆಕ್ಯಾನಿಕ್ ಅಂತೀರಿ! ಬಾನೆಟ್ ಎತ್ತುವುದೇ ಬೇಡ, ಅವನು ಬಾಗಿಲಲ್ಲಿ ಕೆಮ್ಮಿದರೆ ಸಾಕು, ಸತ್ತ ಇಂಜಿನ್ನು ಎದ್ದು ಕೂರುತ್ತಿತ್ತು. ಅಂಥವನು ಮೂರು ವರ್ಷದ ಹಿಂದೆ, ಬೆಳಿಗ್ಗೆ ಹತ್ತು ಗಂಟೆಗೆ, ಇದೇ ಗ್ಯಾರೇಜಿನ ಸ್ಟೂಲಿನ ಮೇಲೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ... ಎಲ್ಲವನ್ನೂ ರಿಪೇರಿ ಮಾಡುತ್ತಿದ್ದವನನ್ನು ರಿಪೇರಿ ಮಾಡುವವರು ಯಾರೂ ಇರಲಿಲ್ಲ!

ಅವನು ಬಿಟ್ಟುಹೋದದ್ದು ಒಂದು ಮಿಷಿನ್ನು. ಕಾರಿನ ಸೀಟು ಕವರಿನ ದಪ್ಪ ರೆಕ್ಸಿನ್ ಹೊಲಿಯುವ ಭಾರದ ಮಿಷಿನ್ನು. ಸೊಸೆಯ ಎಡಗಾಲು ಚಿಕ್ಕಂದಿನಲ್ಲೇ ಸೊರಗಿತ್ತು, ಪೆಡಲು ತುಳಿಯಲು ಆಗುತ್ತಿರಲಿಲ್ಲ. ಗಂಡ ಏನು ಮಾಡಿದ ಗೊತ್ತೇ? ಯಾವುದೋ ಮುದಿ ಬಸ್ಸಿನ ವೈಪರ್ ಮೋಟಾರು ಕಿತ್ತು ತಂದು ಮಿಷಿನ್ನಿಗೆ ಜೋಡಿಸಿದ. ಅದನ್ನು ಓಡಿಸಲು ಹಾರನ್ನಿನ ಗುಂಡಿಯೊಂದನ್ನು ಮೇಜಿನ ಅಂಚಿಗೆ ಕೂರಿಸಿದ. ಮೊಣಕೈಯಿಂದ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಂಥ ಮಿಷಿನ್ನು ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಸೀಟು ಕವರಿನ ಅಂಗಡಿಯವನು ಕೊಡುವ ಕೆಲಸದಿಂದಲೇ ಮೂರು ವರ್ಷ ಅತ್ತೆಗೂ ಸೊಸೆಗೂ ಎರಡು ಹೊತ್ತಿನ ಊಟ ನಡೆದಿತ್ತು. ಅತ್ತೆ ಉಂಡು ಕೈ ತೊಳೆದು ಹೇಳುತ್ತಿದ್ದ ಮಾತು ಮಾತ್ರ ದಿನವೂ ಒಂದೇ: "ನನ್ನ ಮಗನನ್ನ ನನ್ನಿಂದ ಬಿಚ್ಚಿ ತನ್ನ ಸೆರಗಿಗೆ ಹೊಲಿದುಕೊಂಡವಳು!"

ಇನ್ನು ಗುರುತಿನ ವಿಷಯ. ಇಲ್ಲಿ ಸ್ವಲ್ಪ ಕಿವಿಗೊಡಬೇಕು, ಯಾಕೆಂದರೆ ಒಂದು ಹೆಣ್ಣಿನ ಬದುಕು ಎರಡು ಗೆರೆಗಳ ಮೇಲೆ ನಿಂತಿದೆ. ಲೋಕಕ್ಕೆಲ್ಲ ಇಂಟು ಎಂದರೆ ತಪ್ಪು, ಬೇಡ, ತೆಗೆದುಹಾಕು. ಆ ಗ್ಯಾರೇಜಿನಲ್ಲಿ ಮಾತ್ರ ತಿರುಗುಮುರುಗು. ಸೀಮೆಸುಣ್ಣದಲ್ಲಿ ಇಂಟು ಬರೆದಿದ್ದರೆ, ಕೆಲಸ ಬಾಕಿ ಇದೆ, ಯಾರೂ ಕೈ ಹಚ್ಚಬೇಡಿ ಎಂದರ್ಥ. ಸೊನ್ನೆ ಬರೆದಿದ್ದರೆ, ಮುಗಿಯಿತು, ಸಾಗಿಸಬಹುದು. ಮದುವೆಯಾದ ಹೊಸತರಲ್ಲಿ ಗಂಡ ಒಮ್ಮೆ ಸೊಸೆಯ ಅಂಗೈ ಹಿಂಭಾಗಕ್ಕೆ ಇಂಟು ಎಳೆದು, "ಇನ್ನು ಯಾರೂ ಮುಟ್ಟೋ ಹಾಗಿಲ್ಲ," ಎಂದು ನಕ್ಕಿದ್ದ. ಹನ್ನೊಂದು ವರ್ಷ ಅವನ ಪಕ್ಕದಲ್ಲಿ ಪಾನಾ ಹಿಡಿದು ನಿಂತವಳ ಕೈಗೆ ಬೇರೆ ಅರ್ಥ ಹೇಗೆ ಬಂದೀತು?

ಅವತ್ತು ಮಧ್ಯಾಹ್ನವೆಲ್ಲ ಗುರುತು ಹಾಕಿದಳು. ಆ ಗ್ಯಾರೇಜಿನ ನಟ್ಟುಬೋಲ್ಟುಗಳನ್ನು ಸಾಲಾಗಿ ಇಟ್ಟಿದ್ದರೆ ಊರು ದಾಟಿ ಪಕ್ಕದ ಊರಿನವರು ಎಡವುತ್ತಿದ್ದರು, ಅಷ್ಟಿದ್ದವು! ಸವೆದ ಟೈರಿಗೆ ಸೊನ್ನೆ. ತೂತು ಬಿದ್ದ ಡಬ್ಬಗಳಿಗೆ ಸೊನ್ನೆ. ಸತ್ತ ಬ್ಯಾಟರಿಗಳಿಗೆ ಸೊನ್ನೆ. ಇಂಟು ಬಿದ್ದದ್ದು ಮೂರಕ್ಕೇ: ಮಿಷಿನ್ನು, ಗಂಡ ಕೊನೆಗೆ ಕುಳಿತ ಸ್ಟೂಲು, ಅವನ ಮರದ ಟೂಲ್ ಪೆಟ್ಟಿಗೆ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪೊರೆ ತೆಗೆಸಿಕೊಂಡ ಹೊಸ ಕಣ್ಣುಗಳಿಂದ ಪ್ರತಿಯೊಂದು ಗೆರೆಯನ್ನೂ ನೋಡಿದಳು. ಅಷ್ಟು ಹೊತ್ತು ಆಕೆ ಬೈಯದೆ ಕುಳಿತದ್ದು ಹುಟ್ಟಿದ ಮೇಲೆ ಅದೇ ಮೊದಲು. ಸೊಸೆ ಅದಕ್ಕೇ ಹೆದರಬೇಕಿತ್ತು.

ಅತ್ತೆ ಮಲಗಲು ಒಳಗೆ ಹೋದ ಮೇಲೆ, ಕಬ್ಬಿಣದ ರ್ಯಾಕು ಸರಿಸಿದಾಗ, ಅದರ ಹಿಂದೆ ಸಿಕ್ಕಿತು... ಮರದ ಲಾರಿ! ಅಂಗೈಯಗಲದ್ದು. ಸೋಡಾ ಮುಚ್ಚಳದ ಚಕ್ರಗಳು. ಎಂಟು ವರ್ಷದವನಿದ್ದಾಗ ಮಗ ತಾನೇ ಕೊಯ್ದು ಮೊಳೆ ಹೊಡೆದು ತಾಯಿಗೆ ಮಾಡಿಕೊಟ್ಟದ್ದು. ಅದಕ್ಕಾಗಿ ಅತ್ತೆ ಮೂರು ವರ್ಷದಿಂದ ಮನೆಯೆಲ್ಲ ಜಾಲಾಡಿ, "ನೀನೇ ಎಸೆದೆ, ನನ್ನ ಮಗನ ಗುರುತು ಇರಬಾರದು ಅಂತ ನೀನೇ ಎಸೆದೆ," ಎಂದು ಸೊಸೆಯ ಪ್ರಾಣ ತಿಂದಿದ್ದಳು. ಸೊಸೆ ಸೆರಗಿನಿಂದ ಧೂಳು ಒರೆಸಿದಳು. ಭಾನುವಾರ ಎಲ್ಲ ಚೆನ್ನಾಗಿ ಮುಗಿದ ಮೇಲೆ ಅತ್ತೆಯ ಮಡಿಲಿಗೆ ಇಡಬೇಕು. ಒಂದು ಸಲವಾದರೂ... ಒಂದೇ ಒಂದು ಸಲವಾದರೂ ಆ ಬಾಯಲ್ಲಿ ಒಳ್ಳೆಯ ಮಾತು ಬಂದೀತು! ಲಾರಿಯನ್ನು ಟೂಲ್ ಪೆಟ್ಟಿಗೆಯೊಳಗೆ ಭದ್ರವಾಗಿಟ್ಟು, ಮೇಲಿನ ಇಂಟನ್ನು ಇನ್ನೊಮ್ಮೆ ಒತ್ತಿ ಬರೆದಳು.

ಮರುದಿನ ಬೆಳಿಗ್ಗೆ ಅತ್ತೆ ಸೊಸೆಯನ್ನು ಸುಣ್ಣ ಬಣ್ಣದ ಅಂಗಡಿಗೆ ಕಳಿಸಿದಳು. "ಬಿಳಿ ತಗೊಂಡು ಬಾ. ಬಿಳಿ ಹೊಡೆದ್ರೆ ಜಾಗ ದೊಡ್ಡದಾಗಿ ಕಾಣುತ್ತಂತೆ, ಬ್ರೋಕರ್ ಹೇಳಿದ್ದಾನೆ. ನಿಧಾನ ಹೋಗಿ ಬಾ, ಆ ಕಾಲು ಎಳೆದುಕೊಂಡು ಓಡ್ಬೇಡ."

ನಿಧಾನ ಹೋಗಿ ಬಾ! ಅತ್ತೆಯ ಬಾಯಲ್ಲಿ! ಸೊಸೆಗೆ ದಾರಿಯುದ್ದಕ್ಕೂ ನೆಲ ಕಾಲಿಗೆ ತಾಗಲಿಲ್ಲ.

ಡಬ್ಬಿ ಹೊತ್ತು ಮರಳಿದಾಗ ಸವೆದ ಟೈರುಗಳು ಇದ್ದ ಜಾಗದಲ್ಲೇ ಇದ್ದವು. ಸತ್ತ ಬ್ಯಾಟರಿಗಳು, ತೂತಿನ ಡಬ್ಬಗಳು, ಎಲ್ಲವೂ ಸೊನ್ನೆ ಹೊತ್ತುಕೊಂಡು ಹಾಗೆಯೇ ಕುಳಿತಿದ್ದವು. ಮೂಲೆಯಲ್ಲಿ ಮಿಷಿನ್ನಿನ ನಾಲ್ಕು ಕಾಲುಗಳ ನಾಲ್ಕು ಗುರುತು. ಅಷ್ಟೇ.

"ಅತ್ತೇ! ಮಿಷಿನ್ನೆಲ್ಲಿ? ಸ್ಟೂಲು, ಪೆಟ್ಟಿಗೆ ಎಲ್ಲಿ ಅತ್ತೇ?"

"ಗುಜರಿಯವನು ಒಯ್ದ."

"ಅಯ್ಯೋ, ಅದಕ್ಕೆ ಇಂಟು ಹಾಕಿದ್ನಲ್ಲ!"

"ಅದಕ್ಕೇ ಒಯ್ದ. ಇಂಟು ಅಂದ್ರೆ ಬೇಡ ಅಂತ ಎಳೇ ಮಕ್ಕಳಿಗೂ ಗೊತ್ತು. ಹಾಕಿದ್ದು ನಾನಾ? ನಿನ್ನ ಕೈ, ನಿನ್ನ ಸೀಮೆಸುಣ್ಣ. ಈಗ ಬೀದಿಗೆಲ್ಲ ಕೇಳೋ ಹಾಗೆ ಅರಚ್ಬೇಡ, ಮನೆ ಮಾರೋದಿದೆ."

ಸೊಸೆ ಓಡಿದಳು. ಎರಡು ಕಾಲು ನೆಟ್ಟಗಿರುವವರು ಆ ದಾರಿಗೆ ಅರ್ಧ ಗಂಟೆ ತಗೊಳ್ಳುತ್ತಾರೆ. ಆಕೆ ಒಂದೂವರೆ ಕಾಲಿನಲ್ಲಿ ಕಾಲು ಗಂಟೆಗೆ ಮುಟ್ಟಿದಳು, ಗಾಳಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಆದರೆ ಗುಜರಿ ಅಂಗಡಿಯ ಸುತ್ತಿಗೆ ಆಕೆಗಿಂತ ಮೊದಲು ಮುಟ್ಟಿತ್ತು. ಬೀಡುಕಬ್ಬಿಣದ ಮಿಷಿನ್ನು ಎರಡು ಹೋಳಾಗಿ ರಾಶಿಯ ಮೇಲೆ ಬಿದ್ದಿತ್ತು.

ಗುಜರಿಯವನು ಕೈಕೈ ಹಿಸುಕಿಕೊಂಡ. "ತಾಯಿ, ನಾನು ಎರಡು ಸಲ ಕೇಳಿದೆ. ಓಡೋ ಮಿಷಿನ್ನು, ಯಾರೋ ತಪ್ಪಿ ಗುರುತು ಹಾಕಿರ್ಬೇಕು ಅಂದೆ. 'ನನಗೆ ಗೊತ್ತು, ನೀನು ಹೊತ್ತುಕೋ' ಅಂದ್ರು ಅಜ್ಜಿ."

"ಮರದ ಪೆಟ್ಟಿಗೆ? ಅದರಲ್ಲೊಂದು ಪುಟ್ಟ ಲಾರಿ..."

"ಒಳಗಿನ ಕಬ್ಬಿಣ ಸುರಿದುಕೊಂಡೆ. ಮರದ್ದೆಲ್ಲ ಎದುರಿನ ಟೀ ಅಂಗಡಿ ಒಲೆಗೆ ಹೋಯ್ತಲ್ಲಮ್ಮ..."

ಸೊಸೆ ತಿರುಗಿ ನೋಡಿದಳು. ಟೀ ಕುದಿಯುತ್ತಿತ್ತು. ಬೂದಿಯಲ್ಲಿ ನಾಲ್ಕು ಸೋಡಾ ಮುಚ್ಚಳಗಳು ಕಪ್ಪಾಗಿ ಬಿದ್ದಿದ್ದವು! ಆಕೆ ಅಳಲಿಲ್ಲ. ಅತ್ತಿದ್ದರೆ ಆ ಒಲೆ ಆರಿಹೋಗುತ್ತಿತ್ತು, ಆ ಬೀದಿಯಲ್ಲಿ ದೋಣಿ ಹಾಕಬೇಕಾಗುತ್ತಿತ್ತು. ಮಿಷಿನ್ನಿನ ಮೇಜಿನಿಂದ ಹಾರನ್ನಿನ ಗುಂಡಿಯನ್ನು ಕಿತ್ತುಕೊಂಡು ಸೆರಗಿಗೆ ಕಟ್ಟಿಕೊಂಡಳು, ಅಷ್ಟೇ.

ಆದರೂ ಗ್ಯಾರೇಜು ಕನ್ನಡಿಯಾಯಿತು. ಯಾಕೆ ಅಂತೀರಾ? ಮಾತು ಅಂದ್ರೆ ಮಾತು ಎಂದಿದ್ದಳಲ್ಲ ಅತ್ತೆ! ಮಿಷಿನ್ನು ಹೋದರೂ ಬಾಲ್ಕನಿ ಇತ್ತು, ಬಾಡಿಗೆಗೆ ಬೇರೆ ಮಿಷಿನ್ನು ಸಿಕ್ಕೀತು... ಉಳಿದ ಟೈರು, ಡಬ್ಬ, ಬ್ಯಾಟರಿಗಳನ್ನೆಲ್ಲ ಗುಜರಿಯವನು ಇನ್ನೊಂದು ಸರದಿಗೆ ಬಂದು ಒಯ್ದ ಮೇಲೆ, ಶನಿವಾರವೆಲ್ಲ ಮರದ ಹೊಟ್ಟು ಹರಡಿ ಆಯಿಲ್ ಹೀರಿಸಿದಳು. ಸೀಮೆಎಣ್ಣೆ ಸುರಿದು ಉಜ್ಜಿದಳು, ಸೋಪಿನ ಪುಡಿ ಹಾಕಿ ಮತ್ತೆ ಉಜ್ಜಿದಳು. ನಲವತ್ತು ವರ್ಷದ ಕಲೆಗಳು! ಮಾವನ ಕಾಲದ ಕಪ್ಪು, ಗಂಡನ ಕಾಲದ ಕಪ್ಪು, ಒಂದರ ಮೇಲೊಂದು. ಗಂಡ ಒರಗುತ್ತಿದ್ದ ಗೋಡೆಯಲ್ಲಿ ಅವನ ಬೆನ್ನಿನ ಜಿಡ್ಡಿನ ಅಚ್ಚು ಇತ್ತು. ಅದರ ಮೇಲೆ ಬಿಳಿ ಬಣ್ಣದ ಬ್ರಷ್ ಆಡಿಸುವಾಗ ಕೈ ಮೂರು ಸಲ ನಿಂತಿತು. ನಾಲ್ಕನೆಯ ಸಲ ಆಡಿತು. ಭಾನುವಾರ ಬೆಳಗಾದಾಗ ಆ ಗ್ಯಾರೇಜು ಎಷ್ಟು ಬೆಳ್ಳಗಿತ್ತೆಂದರೆ ಸೂರ್ಯನೇ ಒಳಗೆ ಇಣುಕಿ ಕಣ್ಣು ಕಿರಿದು ಮಾಡಿಕೊಂಡ.

ಬ್ರೋಕರ್ ಮೊದಲೇ ಬಂದು ಮೂಗೆಳೆದು ನೋಡಿದ. "ವಾಸನೇನೇ ಇಲ್ವಲ್ಲ ಅಮ್ಮಾವ್ರೇ! ಗ್ಯಾರೇಜು ಅಂದ್ರೆ ಮನೆಯ ಬಾಯಿ ಇದ್ದಂಗೆ. ಬಾಯಿ ತೊಳೆದ ಮನೆ ಇದು. ಬರ್ತಾರೆ, ಬಂದೇಬಿಟ್ರು, ತಿರುವಿನಲ್ಲಿ ಹೋಗಿ ನಿಂತ್ಕೋತೀನಿ."

ಮುಖ ತೊಳೆಯಲು ಹೊರಟು ನಡುಮನೆಗೆ ಬಂದ ಸೊಸೆ ನಿಂತಲ್ಲೇ ನಿಂತಳು. ಆಕೆಯ ತಗಡಿನ ಟ್ರಂಕು ಬಾಗಿಲ ಬಳಿ ಇತ್ತು. ಅದರ ಮುಚ್ಚಳದ ಮೇಲೆ, ಸೀಮೆಸುಣ್ಣದಲ್ಲಿ, ಚಕ್ರದಷ್ಟು ದುಂಡಗೆ... ಒಂದು ಸೊನ್ನೆ.

ಮುಗಿಯಿತು. ಸಾಗಿಸಬಹುದು.

"ಅತ್ತೆ..." ಸೊಸೆ ಆ ಸೊನ್ನೆಯತ್ತ ಬೆರಳು ತೋರಿಸಿದಳು. "ಇದರ ಅರ್ಥ... ನಿಮಗೆ ಗೊತ್ತಿತ್ತಾ?"

ಅತ್ತೆ ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತಿದ್ದಳು. "ಗೊತ್ತಿಲ್ದೆ ಏನು? ನಿಮ್ಮ ಮಾವನ ಗ್ಯಾರೇಜಿನಲ್ಲಿ ಮೊದಲು ಸೀಮೆಸುಣ್ಣ ಹಿಡಿದವಳು ನಾನು. ನನ್ನ ಮಗನಿಗೆ ಅಕ್ಷರಕ್ಕಿಂತ ಮೊದಲು ಇಂಟು ಸೊನ್ನೆ ಕಲಿಸಿದವಳೂ ನಾನೇ. ನೀನೇನೋ ನಿನ್ನ ಗಂಡ ನಿನಗೊಬ್ಬಳಿಗೇ ಹೇಳಿಕೊಟ್ಟ ಗುಟ್ಟು ಅಂದ್ಕೊಂಡಿದ್ದೆಯಾ, ಮಹಾರಾಯ್ತಿ?"

"ಮಾತು ಕೊಟ್ಟಿದ್ರಲ್ಲ ಅತ್ತೆ..."

"ಮಿಷಿನ್ನಿಗೂ ಜಾಗ, ನಿನಗೂ ಜಾಗ ಅಂದಿದ್ದೆ. ಮಿಷಿನ್ನೆಲ್ಲಿ? ಸೀಟು ಕವರಿನ ಅಂಗಡಿಯವನಿಗೆ ಹೇಳಿದ್ದೀನಿ, ಹಿಂದುಗಡೆ ರೆಕ್ಸಿನ್ ಇಡೋ ಕೋಣೇಲಿ ಮಲಗ್ಬಹುದಂತೆ. ಹೊರಡು, ಅವರು ಬರೋ ಹೊತ್ತಿಗೆ ಈ ಮುಖ ಇಲ್ಲಿರಬಾರದು."

ಸೊಸೆ ಟ್ರಂಕಿನ ಹಿಡಿ ಹಿಡಿದಳು. ಆಗ ಅತ್ತೆಯ ಧ್ವನಿ ಇದ್ದಕ್ಕಿದ್ದಂತೆ ಬೇರೆಯಾಯಿತು. ಆ ಗಂಟಲಿನಲ್ಲಿ ಅಂಥ ಧ್ವನಿ ಇದೆ ಎಂದು ಆ ಗೋಡೆಗಳಿಗೂ ಗೊತ್ತಿರಲಿಲ್ಲ.

"ನಿಲ್ಲು... ರ್ಯಾಕು ಗೀಕು ಎಲ್ಲ ಸರಿಸಿದೆಯಲ್ಲ. ಅಲ್ಲೆಲ್ಲಾದ್ರೂ... ಆ ಮರದ ಲಾರಿ ಸಿಕ್ತೇನೇ?"

ಈಗ! ಮೂರು ವರ್ಷದ ಬೈಗುಳಕ್ಕೆ, ಒಡೆದ ಮಿಷಿನ್ನಿಗೆ, ಟ್ರಂಕಿನ ಸೊನ್ನೆಗೆ, ಎಲ್ಲಕ್ಕೂ ಒಂದೇ ಮಾತು ಸಾಕಿತ್ತು. ಸಿಕ್ಕಿತ್ತು ಅತ್ತೆ, ಆ ಪೆಟ್ಟಿಗೆಯಲ್ಲೇ ಇತ್ತು, ಇಂಟಿನ ಅರ್ಥ ಗೊತ್ತಿದ್ದೂ ಗೊತ್ತಿದ್ದೂ ನೀವೇ ಒಲೆಗೆ ಕಳಿಸಿದಿರಿ! ಆ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದು ನಿಂತಿತು. ಅತ್ತೆಯ ಕೈ ಮುಂದೆ ಚಾಚಿತ್ತು. ಮಗನ ಕೈಯಂಥದೇ ಕೈ, ಅದೇ ಮೊಂಡು ಹೆಬ್ಬೆರಳು...

"ಇಲ್ಲ ಅತ್ತೆ. ಸಿಗಲಿಲ್ಲ."

"ಎಲ್ಲಿ ಸಿಗುತ್ತೆ! ನೀನೇ ಎಸೆದಿದ್ದೀಯಲ್ಲ!"

"ಹೂಂ ಅತ್ತೆ," ಎಂದಳು ಸೊಸೆ. "ನಾನೇ ಎಸೆದೆ."

ಟ್ರಂಕಿನ ಮೇಲಿನ ಸೊನ್ನೆಯನ್ನು ಆಕೆ ಒರೆಸಲಿಲ್ಲ. ಗ್ಯಾರೇಜಿನ ಮೂಲಕವೇ ಹೊರಟಳು. ಮೂಲೆಯಲ್ಲಿ ಮಿಷಿನ್ನು ಇದ್ದ ಜಾಗಕ್ಕೆ ಬಂದಾಗ ಸೊರಗಿದ ಕಾಲನ್ನು ಮಡಿಸಿ ಕುಳಿತು, ಸೆರಗಿನ ಗಂಟಿನಲ್ಲಿ ಉಳಿದಿದ್ದ ಸೀಮೆಸುಣ್ಣವೆಲ್ಲ ಸವೆಯುವವರೆಗೆ, ಒಗೆದಿಟ್ಟಂಥ ಆ ನೆಲದ ಮೇಲೆ ಒಂದು ದೊಡ್ಡ ಇಂಟು ಎಳೆದು ಎದ್ದು ಹೋದಳು.

ಕೊಳ್ಳುವವರ ಕಾರು ಬಂತು, ಮನೆಯಷ್ಟು ಉದ್ದದ್ದು. ಅತ್ತೆ ನಗುತ್ತ ಶಟರಿನ ಬಳಿ ಬಂದಳು, ನೆಲ ನೋಡಿದಳು, ನಗು ತುಟಿಯಲ್ಲೇ ಗಟ್ಟಿಯಾಯಿತು.

"ಅಬ್ಬಾ, ಎಷ್ಟು ಅಚ್ಚುಕಟ್ಟು!" ಎಂದಳು ಕಾರಿನ ಒಡತಿ ಕಿಟಕಿಯಿಂದ. "ಕಾರು ನಿಲ್ಲಿಸೋಕೆ ಗುರುತು ಕೂಡ ಹಾಕಿಟ್ಟಿದ್ದೀರಲ್ಲ!"

ಕಾರು ಮೆಲ್ಲಗೆ ಒಳಗೆ ಬಂತು. ಅತ್ತೆಯ ಬಲಗೈ ತಾನಾಗಿಯೇ ಎದ್ದಿತು. ನಲವತ್ತು ವರ್ಷ ಇಂಟು ಕಂಡಲ್ಲೆಲ್ಲ ಎದ್ದ ಕೈ, ಕೆಲಸ ಬಾಕಿ ಇದೆ, ಯಾರೂ ಕೈ ಹಚ್ಚಬೇಡಿ ಎನ್ನುವ ಕೈ.

ಕಾರು ಗಕ್ಕನೆ ನಿಂತಿತು. "ಯಾಕಮ್ಮಾ? ಬರ್ಬಾರ್ದಾ?"

ಅತ್ತೆ ಬೀದಿಯ ಕಡೆ ನೋಡಿದಳು. ತಲೆಯ ಮೇಲೆ ಟ್ರಂಕು ಹೊತ್ತು ಒಂದೂವರೆ ಕಾಲಿನ ನಡಿಗೆಯೊಂದು ತಿರುವು ದಾಟುತ್ತಿತ್ತು. ಎತ್ತಿದ ಕೈ ನಿಧಾನವಾಗಿ ಕೆಳಗಿಳಿಯಿತು.

"ಬನ್ನಿ, ಬನ್ನಿ," ಎಂದಳು. "ಖಾಲಿ ಇದೆ... ಇನ್ನೂ ಮುಂದೆ ಬನ್ನಿ."