ಬರ್ತೀನಿ ಅನ್ನಬಾರದ ಮನೆ

"ಹೊರಡುವಾಗ ಗುಡ್‌ಬೈ ಅನ್ನಿ, ಸಾಕು. ಈ ಹೊಸ್ತಿಲ ಮೇಲೆ ನಿಂತು ತಿರುಗಿ ಬರ್ತೀನಿ ಅಂತ ಮಾತ್ರ ಯಾರೂ ಹೇಳಬಾರದು."

ಬೀಗದ ಕೈಗಳ ಗೊಂಚಲು ಒಪ್ಪಿಸುತ್ತ ಮಿಸೆಸ್ ಪ್ರೆಂಟಿಸ್ ಹೀಗೆಂದಾಗ ವ್ಯಾಸರಾಜನಿಗೆ ನಗು ತಡೆಯಲಾಗಲಿಲ್ಲ. ಇಂಥ ಮನೆಯನ್ನು ಮಾರಿಕೊಂಡು ಹೋಗುವವಳ ಬಾಯಲ್ಲಿ ಇನ್ನೆಂಥ ಮಾತು ಬಂದೀತು! ಕ್ಯಾಲಿಫೋರ್ನಿಯಾದ ಗಿಲ್‌ರಾಯ್ ಊರಿನ ಹಿಂದಿನ ಗುಡ್ಡದ ಮೇಲೆ, ಓಕ್ ಮರಗಳ ನಡುವೆ, ಅಪ್ಪಟ ಫ್ರೆಂಚ್ ಶ್ಯಾಟೋ, ಜಮೀನ್ದಾರರ ಕೋಟೆಮನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಾವನೋ ಸಾಹುಕಾರ ಫ್ರಾನ್ಸಿನ ಹಳ್ಳಿಯಿಂದ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿಸಿ, ಹಡಗಿನಲ್ಲಿ ತರಿಸಿ ಇಲ್ಲಿ ಎಬ್ಬಿಸಿದ್ದ. ಪ್ರೆಂಟಿಸ್ ದಂಪತಿ ಅದಕ್ಕೆ ಮರುಜೀವ ಕೊಡಿಸಿದ್ದರು. ಚೂಪು ಗೋಪುರ, ಕಾರಂಜಿ, ಕುದುರೆಲಾಯ, ಕಣ್ಣು ಹಾಯುವಷ್ಟು ದೂರ ತೋಟ.

"ಯಾಕೆ ಹೇಳಬಾರದು?" ಎಂದು ಕೇಳಿದವಳು ವ್ಯಾಸರಾಜನ ಹೆಂಡತಿ ನಿರುಪಮಾ.

"ಕಟ್ಟಿಸಿದವನು ಹೆಂಡತಿಗೆ ಬರ್ತೀನಿ ಅಂತ ಹೇಳಿ ಹೋದ. ಬರಲೇ ಇಲ್ಲ. ಅವಳು ಮೇಣಕ್ಕೆ ತನ್ನ ಕೂದಲು, ರಕ್ತ ಬೆರೆಸಿ ಬೊಂಬೆ ಮಾಡಿ, ಈ ಹೊಸ್ತಿಲ ಕಲ್ಲಿನ ಕೆಳಗೆ ಹೂತಳು. ಇಲ್ಲಿ ನಿಂತು ಮಾತು ಕೊಟ್ಟವರು ಬಂದೇ ಬರಬೇಕು. ಬಂದಮೇಲೆ ಹೋಗಕೂಡದು. ನಾವು ಆ ಕಲ್ಲನ್ನೂ ಎತ್ತಿಸಿದ್ದೆವು. ನೋಡಿದೆವು. ಹಾಗೇ ಮುಚ್ಚಿದೆವು. ನನ್ನ ಗಂಡ ನಗುತ್ತಿದ್ದರು. ನಗುತ್ತಲೇ ಬರ್ತೀನಿ ಅಂತ ಹೇಳಿ ಹೋದರು."

"ಈಗ ಎಲ್ಲಿದ್ದಾರೆ ಅವರು?"

"ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿ ತೀರಿಕೊಂಡರು." ಮುದುಕಿ ಕತ್ತೆತ್ತಲಿಲ್ಲ. "ಈಗ ಮೇಲಿದ್ದಾರೆ."

"ಅರಳುಮರಳು" ಎಂದು ವ್ಯಾಸರಾಜ ಕನ್ನಡದಲ್ಲೇ ಅಂದ. ಮುದುಕಿ ಗುಡ್‌ಬೈ ಎಂದು ಹೇಳಿ, ಒಮ್ಮೆಯೂ ಹಿಂತಿರುಗಿ ನೋಡದೆ ಹೋದಳು.

ವ್ಯಾಸರಾಜನ ಬಗ್ಗೆ ಒಂದು ಮಾತು ಹೇಳಬೇಕು. ಬಸವನಗುಡಿಯ ವಠಾರದಲ್ಲಿ ನಲ್ಲಿ ನೀರಿಗೆ ಕೊಡ ಹಿಡಿದು ಜಗಳವಾಡಿ ಬೆಳೆದ ಈ ಮನುಷ್ಯನಿಗೆ, ತನ್ನ ಚಿಪ್ ಕಂಪನಿಯ ಷೇರು ಏರಿದ ದಿನದಿಂದ ಮಿಕ್ಕವರೆಲ್ಲ ಹುಳಗಳಾಗಿ ಕಾಣತೊಡಗಿದ್ದರು. ದೇವರು ದಿಂಡರೆಂದರೆ ತಾತ್ಸಾರ. ಕನ್ನಡ ಸಂಘದವರೆಂದರೆ ತಾತ್ಸಾರ. ನಿರುಪಮಾ ಕಾರು ಓಡಿಸಿದರೆ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುವ ನಾಟಕವಾಡುತ್ತಿದ್ದ. ಆದರೂ ಗೃಹಪ್ರವೇಶಕ್ಕೆ ಒಬ್ಬನನ್ನು ಕರೆದ. ಹೊಟ್ಟೆಕಿಚ್ಚಿನಿಂದ ನೋಡುವವರು ಯಾರೂ ಇಲ್ಲದಿದ್ದರೆ ಶ್ಯಾಟೋ ಕೊಂಡು ಏನು ಸುಖ?

ಬಂದವನು ಶೇಷಗಿರಿ. ಇಬ್ಬರೂ ಈ ದೇಶಕ್ಕೆ ಬಂದ ಹೊಸದರಲ್ಲಿ ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟಿನ ಒಂದೇ ರೂಮಿನಲ್ಲಿ ಒಂದೇ ಕಂಬಳಿ ಹೊದ್ದು ಮಲಗಿದವರು. ಶೇಷಗಿರಿ ಈಗಲೂ ಅದೇ ಅಪಾರ್ಟ್‌ಮೆಂಟಿನಲ್ಲಿದ್ದ. ಮದುವೆಯಿಲ್ಲ. ತುಕ್ಕು ಹಿಡಿದ ಕಾರು, ಮೈಸೂರಿನಿಂದ ತರಿಸಿದ ನಶ್ಯದ ಡಬ್ಬಿ, ನಶ್ಯ ಏರಿಸಿದಾಗಲೆಲ್ಲ ಮನೆ ನಡುಗುವಂಥ ಜೋಡಿ ಸೀನು, ಇಷ್ಟೇ ಅವನ ಆಸ್ತಿ.

ಹಾಲು ಉಕ್ಕಿಸಿದ್ದಾಯಿತು, ಊಟವಾಯಿತು. ವ್ಯಾಸರಾಜ ಗೆಳೆಯನನ್ನು ಕೋಣೆಯಿಂದ ಕೋಣೆಗೆ ಎಳೆದುಕೊಂಡು ಹೋಗಿ ತೋರಿಸಿದ. ಕೊನೆಗೆ ಮಹಡಿಯ ತುದಿಯಲ್ಲಿದ್ದ ಒಂದು ಕಿಷ್ಕಿಂಧೆಯಂಥ ಕೋಣೆಯ ಬಾಗಿಲು ತೆಗೆದ. ಒಳಗೆ ಒಣಗಿದ ಲ್ಯಾವೆಂಡರ್ ಹೂವಿನ, ತಣ್ಣನೆಯ ಬೂದಿಯ ವಾಸನೆ.

"ಇದು ಆಳುಗಳ ರೂಮು ಕಣೋ. ನಿನ್ನ ಅಪಾರ್ಟ್‌ಮೆಂಟಿಗಿಂತ ದೊಡ್ಡದಿದೆ, ನೋಡು. ಕೆಲಸ ಹೋದ್ರೆ ಬಂದ್ಬಿಡು. ತೋಟಕ್ಕೆ ನೀರು ಹಾಕ್ಕೊಂಡಿರು."

ಶೇಷಗಿರಿಯ ಮುಖ ಸಣ್ಣದಾಯಿತು. ಕೆಳಗಿಳಿದು ಬಂದವನು ಬಾಗಿಲಲ್ಲಿ ಶೂ ಮೆಟ್ಟಿಕೊಂಡು, ನೆಲ ನೋಡುತ್ತ, "ಹೋಗ್ತೀನಿ ಕಣೋ. ಹೋಗ್ತೀನಮ್ಮ" ಎಂದ.

ಹೊಸ ಮನೆಯ ಬಾಗಿಲಲ್ಲಿ ನಿಂತು ಯಾರೂ ಆಡದ ಮಾತು ಅದು. ನೊಂದವನು ಬೇಕೆಂದೇ ಆಡಿದ. ನಿರುಪಮಾಳಿಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದು ಗಂಡನ ಕಣ್ಣಿಗೆ ಬಿತ್ತು.

"ಏನೇ, ಮುದುಕಿ ಮಾತು ನಂಬ್ಕೊಂಡಿದ್ದೀಯಾ? ಇಂಜಿನಿಯರ್ ಹೆಂಡತಿ ಅಂತ ಹೇಳ್ಕೋಬೇಡ, ನಾಚಿಕೆ ನನಗೆ." ವ್ಯಾಸರಾಜ ಗೆಳೆಯನ ಭುಜ ಹಿಡಿದು ಹೊಸ್ತಿಲ ಕಲ್ಲಿನ ಮೇಲೆ ನಿಲ್ಲಿಸಿದ. "ಲೋ, ಗೃಹಪ್ರವೇಶದ ದಿನ ಹೋಗ್ತೀನಿ ಅಂತಾರೇನೋ? ನಿಮ್ಮಮ್ಮ ಇಷ್ಟೂ ಕಲಿಸಿಲ್ವಾ? ಬರ್ತೀನಿ ಅನ್ನು. ಗಟ್ಟಿಯಾಗಿ."

"ಬೇಡ ಶೇಷಗಿರಿ, ಹಾಗೇ ಹೊರಡಿ" ಎಂದಳು ನಿರುಪಮಾ.

ತಾಯಿಯ ಹೆಸರು ಬಂದಿತ್ತಲ್ಲ, ಶೇಷಗಿರಿ ಸೋತ. "ಬರ್ತೀನಿ" ಎಂದ. ವ್ಯಾಸರಾಜ ಅವನ ಜೇಬಿಗೆ ಹೊಸ ವಿಳಾಸದ ವಿಸಿಟಿಂಗ್ ಕಾರ್ಡು ತುರುಕಿ, ಬೆನ್ನು ತಟ್ಟಿ ಕಳಿಸಿದ.

ಹೊತ್ತು ಇಳಿಯಿತು. ಕೆಳಗಿನ ಹೊಲಗಳಿಂದ ಇಡೀ ದಿನ ಮೂಗಿಗೆ ರಾಚುತ್ತಿದ್ದ ಬೆಳ್ಳುಳ್ಳಿಯ ಘಾಟು ಇದ್ದಕ್ಕಿದ್ದಂತೆ ನಿಂತುಹೋಯಿತು. ಅದರ ಜಾಗದಲ್ಲಿ ಬೇರೊಂದು ವಾಸನೆ ಮೆಟ್ಟಿಲಿಳಿದು ಬಂತು. ಲ್ಯಾವೆಂಡರ್. ಬೂದಿ. ಮತ್ತೆ, ನಶ್ಯ.

ಮಹಡಿಯ ತುದಿಯಲ್ಲಿ ಯಾರೋ ಸೀನಿದರು. ಒಂದರ ಬೆನ್ನಿಗೆ ಇನ್ನೊಂದು.

"ಶೇಷ ವಾಪಸ್ ಬಂದಿದ್ದಾನೆ ಕಣೇ. ಡಬ್ಬಿ ಮರೆತಿರಬೇಕು. ಕಳ್ಳನ ಹಾಗೆ ಒಳಗೆ ನುಗ್ಗೋದು ನೋಡು" ಎಂದು ವ್ಯಾಸರಾಜ ಕಿಟಕಿಯ ಹೊರಗೆ ಇಣುಕಿದ. ಅಂಗಳದಲ್ಲಿ ಅವರದೇ ಕಾರು. ಬೇರೆ ಕಾರಿಲ್ಲ.

ಆಗ ಫೋನು ಹೊಡೆದುಕೊಂಡಿತು. ಮಾತಾಡಿದವರು ಪೊಲೀಸರು. ಹೆದ್ದಾರಿಯಲ್ಲಿ ಅಪಘಾತ. ಹಳೆಯ ಕಾರು, ಒಬ್ಬನೇ ಇದ್ದ, ಅಲ್ಲೇ ಪ್ರಾಣ ಹೋಗಿದೆ. ಜೇಬಿನಲ್ಲಿ ನಿಮ್ಮ ಕಾರ್ಡು ಸಿಕ್ಕಿತು. ಮೃತನು ನಿಮಗೇನಾಗಬೇಕು?

ವ್ಯಾಸರಾಜ ಫೋನು ಕೆಳಗಿಟ್ಟ. ಮೇಲೆ ಮತ್ತೆ ಜೋಡಿ ಸೀನು. ಆಮೇಲೆ ಹಲಗೆಯ ಮೇಲೆ ಹೆಜ್ಜೆ. ಶೂ ಹಾಕಿಕೊಂಡ ಹೆಜ್ಜೆ. ಅದರ ಪಕ್ಕದಲ್ಲೇ, ಲಂಗ ನೆಲಕ್ಕೆ ಸವರಿಕೊಂಡು ಹೋಗುವ ಸರಸರ.

ನಿರುಪಮಾ ಎದ್ದಳು. ಕಾರಿನ ಕೀ ಎತ್ತಿಕೊಂಡಳು. ಗಂಡನ ಕೈ ಹಿಡಿದಳು. ಎಳೆದಳು. "ಬಾಯಿ ಬಿಡಬೇಡಿ. ದಮ್ಮಯ್ಯ, ಏನೂ ಮಾತಾಡಬೇಡಿ. ಸುಮ್ಮನೆ ಹೊರಗೆ ಬನ್ನಿ."

ಬಾಯಿ ಮುಚ್ಚಿಕೊಂಡು ಬಂದಿದ್ದರೆ ವ್ಯಾಸರಾಜ ಉಳಿಯುತ್ತಿದ್ದ. ಬಾಗಿಲು ದಾಟುವವರೆಗೆ ಬಂದ ಕೂಡ. ಆದರೆ ಹೊರಗಿನ ಗಾಳಿ ಮೈಗೆ ತಾಕಿದ್ದೇ ತಡ, ಹೆದರಿಕೆಯ ಜಾಗದಲ್ಲಿ ಅವಮಾನ ಉರಿಯಿತು. ತಾನು ಓಡುವುದೇ? ತನ್ನ ಮನೆಯಿಂದ? ಎಂದೋ ಸತ್ತ ಒಬ್ಬ ಹೆಂಗಸಿಗೆ, ಬಾಡಿಗೆ ಮನೆಯ ಶೇಷನಿಗೆ ಹೆದರಿ? ಹೊಸ್ತಿಲ ಮೇಲೆ ನಿಂತು ತಿರುಗಿದ. ಕತ್ತಲಿಗೆ ಬೆರಳು ತೋರಿಸಿ ಕೂಗಿದ.

"ಇದು ನನ್ನ ಮನೆ! ನಾಳೆನೇ ಬರ್ತೀನಿ! ಈ ಕಲ್ಲು ಕಿತ್ತು ಎಸೀತೀನಿ!"

ಮನೆಯೊಳಗಿನ ಹೆಜ್ಜೆಗಳು ನಿಂತವು.

ನಿರುಪಮಾ ಬಾಯಿಗೆ ಸೆರಗು ಒತ್ತಿಕೊಂಡಳು. ತಾನು ಏನಂದೆನೆಂದು ಅವನಿಗೆ ಇನ್ನೂ ಅರಿವಾಗಿರಲಿಲ್ಲ. ಸ್ಟೀರಿಂಗು ಹಿಡಿಯಲು ಅವಳನ್ನು ಬಿಡಲೂ ಇಲ್ಲ. ಕಾರು ಕಾರಂಜಿಯನ್ನು ಸುತ್ತಿತು. ತೋಟ ದಾಟಿತು. ಗೇಟಿನ ಹತ್ತಿರ ಅವನ ಕಾಲು ಬ್ರೇಕನ್ನು ತಾನಾಗಿಯೇ ಒತ್ತಿತು. ಇಳಿದ. ಯಾಕೆ ಇಳಿದೆನೆಂದು ಯೋಚಿಸಲು ನೋಡಿದ. ಹೊಳೆಯಲಿಲ್ಲ. ಕಾಲುಗಳು ಮನೆಯ ಕಡೆಗೆ ತಿರುಗಿಕೊಂಡವು.

ನಿರುಪಮಾ ಓಡಿಬಂದು ಅವನ ಸೊಂಟ ತಬ್ಬಿ ಹಿಂದಕ್ಕೆ ಜಗ್ಗಿದಳು. ಅವಳ ಚಪ್ಪಲಿ ಜಲ್ಲಿಯಲ್ಲಿ ಜಾರಿತು. ಅವನು ನಡೆಯುತ್ತಲೇ ಇದ್ದ. ಅಳುತ್ತಿದ್ದ, ನಡೆಯುತ್ತಿದ್ದ. ಅಂಗಿಯ ಗುಂಡಿಯೊಂದು ಕಿತ್ತು ಅವಳ ಮುಷ್ಟಿಯಲ್ಲಿ ಉಳಿಯಿತು.

"ನೀನು ಕಾರಲ್ಲಿ ಕೂತಿರು. ಒಂದು ನಿಮಿಷ. ಈಗ ಬರ್ತೀನಿ" ಎಂದ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ತೋಳು ಸಡಿಲಿಸಿದಳು. ಮದುವೆಯಾದಾಗಿನಿಂದ ಕಾಯಿಪಲ್ಲೆ ತರಲು ಹೊರಟರೂ ಬರ್ತೀನಿ ರೀ ಎಂದೇ ಹೇಳಿ ಹೊರಟವಳು. ಆ ಮಾತು ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ಅದನ್ನು ನುಂಗಿದಳು.

"ನಾನು ಹೋಗ್ತೀನಿ ರೀ" ಎಂದಳು.

ಕಾರಿನ ಬಾಗಿಲು ಹಾಕಿದ ಸದ್ದು ಅವನ ಬೆನ್ನಿಗೆ ಕೇಳಿಸಿತು. ಕಾರು ಒಮ್ಮೆಯೂ ಮುಗ್ಗರಿಸದೆ ಗುಡ್ಡ ಇಳಿದು ಹೋಯಿತು.

ಹೊಸ್ತಿಲ ಕಲ್ಲು ಅವನ ಪಾದಕ್ಕೆ ಬೆಚ್ಚಗಿತ್ತು. ದಾಟಿದ. ಬಾಗಿಲು ಮುಚ್ಚಿಕೊಂಡಿತು. ಮೆಟ್ಟಿಲು ಹತ್ತಿದ. ಮಹಡಿಯ ತುದಿಯ ಆ ಸಣ್ಣ ರೂಮಿನ ಬಾಗಿಲು ತೆರೆದಿತ್ತು. ಒಳಗೆ ಕತ್ತಲಲ್ಲಿ ಯಾರೋ ಪಕ್ಕಕ್ಕೆ ಸರಿದು, ಕಂಬಳಿಯ ಒಂದು ಅಂಚನ್ನು ಎತ್ತಿ ಹಿಡಿದರು.

"ಬಾರೋ ವ್ಯಾಸ. ನಮ್ಮಿಬ್ಬರಿಗೆ ಈ ರೂಮು ಸಾಕು."