ಪಟ್ಟಿಯಲ್ಲಿದ್ದ ಹೆಸರು

"ಆ ಕುರ್ಚಿ ಎಳೀಬೇಡ! ಸದ್ದು ಮಾಡ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?" ಅತ್ತೆ ಇಯಾಂಗ್ ಪಾರ್ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಎಂಟು ತಿಂಗಳ ಬಸುರಿ ಸುಯ್ ಸಿನ್ ಇದ್ದಲ್ಲೇ ಕುಸಿದು ಕುಳಿತಳು.

ಕ್ವಾಲಾಲಂಪುರದ ಆ ಏಳಂತಸ್ತಿನ ಕಟ್ಟಡದ ಸುತ್ತ ಮುಳ್ಳುತಂತಿ ಬಿಗಿದು ಒಂಬತ್ತು ದಿನ. ಒಳಗೆ ಬರ್ಮಾದ ಚಿನ್ ಬೆಟ್ಟಗಳಿಂದ ಓಡಿಬಂದ ನಾನೂರು ಜನ. ಯಾರ ಬಳಿಯೂ ಸರಕಾರಿ ಕಾಗದವಿಲ್ಲ. ಸೋಂಕು ಪರೀಕ್ಷೆಗೆಂದು ಇಳಿಸಿದವರನ್ನು ಬೇಡಿ ಹಾಕಿ ಲಾರಿ ಹತ್ತಿಸಿದ್ದನ್ನು ಕಿಟಕಿಯಿಂದ ಕಂಡ ಮೇಲೆ ಎಲ್ಲರೂ ಬಾಗಿಲು ಜಡಿದುಕೊಂಡಿದ್ದರು. ನಡುಮಧ್ಯಾಹ್ನ... ಫ್ಯಾನಿನ ಸದ್ದಿಲ್ಲ, ಒಲೆಯ ಹೊಗೆಯಿಲ್ಲ, ಕೂಸುಗಳ ಅಳುವೂ ಇಲ್ಲ! ನಾನೂರು ಜನರಿದ್ದೂ ಹಾಳುಮನೆಯ ಮೌನ.

ಗಂಡ ಬಿಯಾಕ್ ದೂರದ ತರಕಾರಿ ತೋಟದಲ್ಲಿ ಸಿಕ್ಕಿಬಿದ್ದಿದ್ದ. "ನೀನು ಕಾಲಿಟ್ಟ ಮೇಲೇ ನನ್ನ ಮಗ ದೂರ ಆದ" ಎಂಬುದು ಮುದುಕಿಯ ದಿನನಿತ್ಯದ ಕೊಂಕು. ಮೂರು ದಿನದಿಂದ ಅವಳಿಗೆ ಜ್ವರ ಬೇರೆ; ಕೆಮ್ಮನ್ನು ದಿಂಬಿನೊಳಗೆ ಅದುಮುತ್ತಿದ್ದಳು.

ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಮೂರನೇ ಮಹಡಿ... ನಾಲ್ಕನೆಯದು... ಅವರ ಬಾಗಿಲ ಮುಂದೆಯೇ ನಿಂತಿತು.

"ಸುಯ್ ಸಿನ್!"

ಹೊರಗಿನಿಂದ ಕೂಗಿದ್ದು ಅವಳದೇ ಹೆಸರು. ಅವಳು ಪಾತ್ರೆ ತೊಳೆಯುತ್ತಿದ್ದ ಹೋಟೆಲಿನಲ್ಲಿ ಒಬ್ಬನಿಗೆ ಸೋಂಕು ತಗುಲಿತ್ತು. ಮಾಲೀಕ ಕೆಲಸದವರ ಹೆಸರನ್ನೆಲ್ಲ ಬರೆದುಕೊಟ್ಟಿದ್ದ.

"ನಾನು ಹೋಗ್ತೀನಿ ಅತ್ತೆ... ಇಲ್ದಿದ್ರೆ ನಿಮ್ಮನ್ನೂ ಎಳ್ಕೊಂಡು ಹೋಗ್ತಾರೆ."

"ಬಾಯ್ಮುಚ್ಚು! ಬೇಡಿ ಹಾಕಿಸ್ಕೊಂಡು ಹೆರ್ತೀಯಾ?" ಮುದುಕಿ ಸೊಸೆಯನ್ನು ಹಲಗೆಗೋಡೆಯ ಹಿಂದಿನ ಸಂದಿಗೆ ತಳ್ಳಿದಳು. ಆಮೇಲೆ, ಎಂದೂ ಕೇಳಿರದ ಮೆತ್ತನೆ ದನಿಯಲ್ಲಿ, "ತುಂಬ ಬೈದಿದೀನಿ ನಿನ್ನ... ಮನಸ್ಸಲ್ಲಿ ಇಟ್ಕೋಬೇಡ ಮಗಳೇ" ಎಂದಳು.

ಚಿಲಕ ಸರಿಯಿತು. ಹಲಗೆಯ ಬಿರುಕಿನಲ್ಲಿ ಕಂಡವರು ಮೂವರು. ತಲೆಯಿಂದ ಕಾಲಿನವರೆಗೆ ಬಿಳಿ, ಮುಖವೇ ಇಲ್ಲ!

"ನಾನೇ ಸುಯ್ ಸಿನ್. ಒಬ್ಳೇ ಇರೋದು."

ಒಬ್ಬ ಪಟ್ಟಿಯಲ್ಲಿ ಗೆರೆ ಎಳೆದು ಮುದುಕಿಯನ್ನು ಮೆಟ್ಟಿಲಿಳಿಸಿಕೊಂಡು ಹೋದ. ಕಾಗದವಿಲ್ಲದವಳ ವಯಸ್ಸು ಯಾರಿಗೆ ಬೇಕು?

ನಾಲ್ಕು ವಾರವಾದರೂ ಸುದ್ದಿಯಿಲ್ಲ. ಹುಡುಕಿಕೊಡಿ ಎಂದು ಅಂಗಲಾಚಿದ್ದಕ್ಕೆ ಕೊನೆಗೆ ಅವರ ಚರ್ಚಿನ ಪಾದ್ರಿಯ ಫೋನು ಬಂತು. "ಇಯಾಂಗ್ ಪಾರ್ ಅನ್ನೋ ಹೆಸರು ಎಲ್ಲೂ ಇಲ್ಲಮ್ಮಾ. ಆದ್ರೆ... ಸತ್ತೋರ ಪಟ್ಟೀಲಿ ನಿನ್ನ ಹೆಸರಿದೆ. ಆಗ್ಲೇ ಹೂಳಿದಾರಂತೆ."

ತನ್ನ ಹೆಸರಿನ ಗುಂಡಿಯೊಳಗೆ ಅತ್ತೆ! ಹೋಗಿ ಅಳುವಂತೆಯೂ ಇಲ್ಲ. ಅತ್ತರೆ ಅತ್ತೆ ಕೊಟ್ಟ ಜೀವವೇ ಸಿಕ್ಕಿಬೀಳುತ್ತದೆ.

ಮುಳ್ಳುತಂತಿ ಬಿಚ್ಚಿದ ವಾರ ಬಿಯಾಕ್ ಬಂದ. ಅದೇ ಕೋಣೆಯ ನೆಲದ ಮೇಲೆ ಹೆಣ್ಣುಕೂಸು ಹುಟ್ಟಿತು. ಸೂಲಗಿತ್ತಿ ಚೀಟಿ ತೆಗೆದು ಕೇಳಿದಳು: "ತಾಯಿ ಹೆಸರು?"

"ಇಯಾಂಗ್ ಪಾರ್ ಅಂತ ಬರ್ಕೊಳ್ಳಿ" ಎಂದಳು ಸುಯ್ ಸಿನ್.

ಬಿಯಾಕ್ ಕೂಸನ್ನು ಎದೆಗವಚಿಕೊಂಡು ಬಿಕ್ಕಿದ... ಅಂದಿನಿಂದ ಅವನು ಹೆಂಡತಿಯನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ.